ಗೇಟಿನ ಕೀ ಎಲ್ಲಿ?

ನಮ್ಮ ಮನೆಯಿಂದ ಬೀದಿಗೆ ಬರಬೇಕಾದರೆ ಮೂರು ಬಾಗಿಲು ದಾಟಬೇಕು. ಮೊದಲು ಹಳೇ ಮರದ ಬಾಗಿಲು, ಆಮೇಲೆ ವರಾಂಡದ ಕಬ್ಬಿಣದ ಗ್ರಿಲ್, ಕೊನೆಗೆ ಕಾಂಪೌಂಡ್ ಗೇಟು. ರಾತ್ರಿ ಒಂಬತ್ತಾಯಿತು ಅಂದರೆ ಅಮ್ಮ ಗ್ರಿಲ್ಲಿಗೊಂದು, ಗೇಟಿಗೊಂದು ಬೀಗ ಜಡಿದು, ಎಳೆದು ನೋಡಿ, ಇನ್ನೊಂದು ಸಲ ಎಳೆದು ನೋಡಿ ಒಳಗೆ ಬರುತ್ತಾರೆ. ಹಾಸನದಲ್ಲಿ ಇದೇನೂ ಹೊಸದಲ್ಲ. ಸಾಲಗಾಮೆ ರಸ್ತೆಯಿಂದ ಎರಡು ತಿರುವು ಒಳಗಿರುವ ನಮ್ಮ ಕ್ರಾಸಿನ ನಲವತ್ತಾರು ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಬಾಲ್ಕನಿಗೂ ಗ್ರಿಲ್, ಮೆಟ್ಟಿಲಿಗೂ ಗ್ರಿಲ್, ಬಟ್ಟೆ ಒಣಗಿಸೋ ಜಾಗಕ್ಕೂ ಗ್ರಿಲ್. ಇಷ್ಟು ವರ್ಷ ಇದನ್ನೆಲ್ಲ ಭದ್ರತೆ ಅಂದುಕೊಂಡಿದ್ದೆ. ಒಂದು ಡಿಸೆಂಬರ್ ರಾತ್ರಿ ಹೊರಗೆ ಓಡಬೇಕಾಗಿ ಬಂದಾಗ ಗೊತ್ತಾಯಿತು, ಈ ಬೀದಿಯಲ್ಲಿ ನಾವೆಲ್ಲ ತಲೆಕೆಡಿಸಿಕೊಂಡಿದ್ದು ಒಳಗೆ ನುಗ್ಗುವ ಕಳ್ಳನ ಬಗ್ಗೆ ಮಾತ್ರ. ಒಳಗಿರುವ ನಾವು ಹೊರಗೆ ಹೋಗೋದು ಹೇಗೆ ಅಂತ ಒಬ್ಬರೂ ಯೋಚಿಸಿರಲಿಲ್ಲ.

ಸೋರಿದ್ದು ಒಂದೇ ಸಿಲಿಂಡರ್

ಕ್ರಾಸಿನ ನಡುವಿನ ಮನೆಯಲ್ಲಿ ಅಯ್ಯಪ್ಪನ ಪೂಜೆ. ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಟಾರು ಒಡೆದು ಗೂಟ ನೆಟ್ಟು, ಹಗ್ಗ ಕಟ್ಟಿ, ಎರಡೂ ಕಡೆ ಕುರ್ಚಿ ಜೋಡಿಸಿದ ಮೇಲೆ ಸ್ಕೂಟರ್ ಹೋಗಲೂ ಜಾಗ ಇರಲಿಲ್ಲ. ಬೇಡ ಅನ್ನೋಕಾಗುತ್ತಾ, ನಮ್ಮನೆ ಗೃಹಪ್ರವೇಶಕ್ಕೂ ನಾವು ಹಾಗೇ ಹಾಕಿದ್ದೆವು. ಪಕ್ಕದ ಖಾಲಿ ಸೈಟಿನಲ್ಲಿ ಅಡುಗೆ ನಡೆಯುತ್ತಿತ್ತು. ಹತ್ತೊಂಬತ್ತು ಕೆ.ಜಿ.ಯ ಎರಡು ಕಮರ್ಷಿಯಲ್ ಸಿಲಿಂಡರ್ ಇದ್ದವು. ಒಂಬತ್ತೂಕಾಲರ ಹೊತ್ತಿಗೆ ಭಜನೆ ಮುಗಿದು ಊಟ ಶುರುವಾಗುತ್ತಿದ್ದಾಗ ಒಂದರ ವಾಲ್ವ್ ಹತ್ತಿರ ಬುಸ್ ಅಂತ ಶುರುವಾಯಿತು. ಅಡುಗೆಯವರು ಒಲೆ ಆರಿಸಿದರು. ವಾಲ್ವ್ ಮಾತ್ರ ಎಷ್ಟು ತಿರುಗಿಸಿದರೂ ಕೂರಲಿಲ್ಲ. ಯಾರೋ ಕೂಗಿದರು: "ಗ್ಯಾಸ್ ಲೀಕಾಗ್ತೈತೆ, ಎಲ್ರೂ ಮನೆಯಿಂದ ಆಚೆ ಬನ್ರೋ!"

ಆಗ ನಾನು ಮಾಡಿದ ಮೊದಲ ಕೆಲಸ ಬರೆಯೋಕೆ ನಾಚಿಕೆಯಾಗುತ್ತದೆ. ವರಾಂಡದ ಲೈಟ್ ಹಾಕಿದೆ. ಗ್ಯಾಸ್ ಸೋರಿದಾಗ ಸ್ವಿಚ್ ಮುಟ್ಟಬಾರದು ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು, ನನಗೂ ಗೊತ್ತಿತ್ತು. ಕೈ ತಾನಾಗಿ ಹೋಯಿತು. ಗಾಬರಿಯಲ್ಲಿ ಮನುಷ್ಯ ದಿನಾ ಮಾಡಿದ್ದನ್ನೇ ಮಾಡುತ್ತಾನೆ, ಓದಿದ್ದು ಆಮೇಲೆ ನೆನಪಾಗುತ್ತದೆ.

ಎರಡನೇ ಕೆಲಸ ಗ್ರಿಲ್ಲಿನ ಕೀ ಹುಡುಕಿದ್ದು. ಅದು ಮೊಳೆಯ ಮೇಲೆ ಇರಲಿಲ್ಲ. ಹಿಂದಿನ ವಾರ ಪೇಪರಿನಲ್ಲಿ ಕಳ್ಳತನದ ಸುದ್ದಿ ಓದಿದ್ದ ಅಮ್ಮ, ಕಿಟಕಿಯಿಂದ ಕೋಲು ಹಾಕಿ ಕೀ ಎಳೆದುಬಿಡುತ್ತಾರೆ ಅಂತ ಅದನ್ನು ಬೇರೆ ಕಡೆ ಇಟ್ಟಿದ್ದರು. ಎಲ್ಲಿ ಅಂತ ಅವರಿಗೇ ನೆನಪಾಗಲಿಲ್ಲ. ದೇವರ ಮನೆ ನೋಡಿದೆವು, ಟಿವಿ ಸ್ಟ್ಯಾಂಡ್ ನೋಡಿದೆವು. ಹೊರಗೆ ಜನ ಓಡಾಡುವ ಸದ್ದು, ವಾಸನೆ ಆಗಲೇ ಮೂಗಿಗೆ ಬರುತ್ತಿತ್ತು. ಕಬ್ಬಿಣದ ಸರಳು ಹಿಡಿದು ನಿಂತು ಬೀದಿ ನೋಡುತ್ತಿದ್ದೆ, ಬೀದಿ ಆರೇ ಹೆಜ್ಜೆ ದೂರ ಇತ್ತು. ಕೊನೆಗೆ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿತು. ನಾಲ್ಕು ನಿಮಿಷ ಆಗಿರಬಹುದು. ನನಗೆ ಅದು ಈಗಲೂ ನಲವತ್ತು ನಿಮಿಷದ ಹಾಗೇ ನೆನಪಿದೆ.

ಹೊರಗೆ ಬಂದ ಮೇಲೆ ಇನ್ನೊಂದು ಕಥೆ. ನಮ್ಮ ಕ್ರಾಸಿಗೆ ಒಂದೇ ಬಾಯಿ. ನಕ್ಷೆಯಲ್ಲಿ ಎರಡು ಕಡೆಗೂ ರಸ್ತೆ ಇದೆ, ಆದರೆ ಕೆಳಗಿನ ತುದಿಯಲ್ಲಿ ಪಕ್ಕದ ಬಡಾವಣೆಯವರು ಗೋಡೆ ಎಬ್ಬಿಸಿ ಎಷ್ಟೋ ವರ್ಷ ಆಯಿತು. ಸೋರುತ್ತಿದ್ದ ಸಿಲಿಂಡರ್ ನಮಗೂ ಮೇನ್ ರೋಡಿಗೂ ನಡುವೆ. ಜೊತೆಗೆ ಶಾಮಿಯಾನ. ಮೇಲಿನ ಅರ್ಧದವರು ಸರಾಗವಾಗಿ ರಸ್ತೆಗೆ ಹೋದರು. ಕೆಳಗಿನ ಅರ್ಧದ ನಾವು ಗೋಡೆಯ ಕಡೆಗೆ, ಅಂದರೆ ತಗ್ಗಿಗೆ, ಮೋರಿಯ ಪಕ್ಕಕ್ಕೆ ಬಂದು ನಿಂತೆವು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ, ಮೋರಿಯಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಬಂದು ಸೇರಬಹುದಾದ ಜಾಗಕ್ಕೇ ನಾವೂ ಹೋಗಿ ಸೇರಿಕೊಂಡಿದ್ದೆವು. ಅದೂ ಟ್ರಾನ್ಸ್‌ಫಾರ್ಮರ್ ಕೆಳಗೆ! ಅಷ್ಟರಲ್ಲಿ ಇಬ್ಬರು ತಮ್ಮ ಕಾರು ಉಳಿಸಿಕೊಳ್ಳೋಕೆ ಸ್ಟಾರ್ಟ್ ಮಾಡಿ ಹಿಂದೆ ಮುಂದೆ ಮಾಡುತ್ತಿದ್ದರು. ಹೊಸ ಕಾರು, ಇಎಂಐ ಇನ್ನೂ ಮುಗಿದಿಲ್ಲ. ಬೈಯೋಕೂ ಮನಸ್ಸು ಬರಲಿಲ್ಲ.

ಆ ಹೊತ್ತಿನಲ್ಲಿ ತಲೆ ಓಡಿಸಿದವರು ಮೂರು ಜನ. ಒಬ್ಬರು ಮೂಲೆಯ ಇಸ್ತ್ರಿ ಅಂಗಡಿಯವರು. ಕೂಗು ಕೇಳಿದ ಕೂಡಲೇ ಅವರು ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ನೀರಿನ ಬಕೆಟ್ಟಿಗೆ ಸುರಿದಿದ್ದರು. ಇನ್ನಿಬ್ಬರು ಕ್ರಿಕೆಟ್ ಆಡುವ ಹುಡುಗರು. ಗೋಡೆಯ ಬಲಮೂಲೆಯಲ್ಲಿ ನಾಲ್ಕು ಸಾಲು ಇಟ್ಟಿಗೆ ಬಿದ್ದು ಸೊಂಟದೆತ್ತರ ಆಗಿತ್ತು, ಚೆಂಡು ಆಚೆ ಹೋದಾಗ ಅವರು ಹಾರುವ ಜಾಗ ಅದು. "ಆಂಟಿ, ಇಲ್ಲಿ ಬನ್ನಿ, ಇಲ್ಲಿ ಕಾಲಿಡಿ" ಅಂತ ಒಬ್ಬೊಬ್ಬರನ್ನೇ ದಾಟಿಸಿದರು. ಆ ಗೋಡೆ ಸರಿಮಾಡಿಸಿ ಅಂತ ಅರ್ಜಿ ಬರೆದು ಸಹಿ ಸಂಗ್ರಹಿಸಿದವನು ನಾನೇ. ಪುಣ್ಯಕ್ಕೆ ಅರ್ಜಿಗೆ ಏನೂ ಆಗಿರಲಿಲ್ಲ.

ಅರ್ಧ ಜನ ದಾಟಿದ ಮೇಲೆ ಇಸ್ತ್ರಿಯವರು ಥಟ್ಟನೆ ಕೇಳಿದರು: "ಮಹಡಿ ಅಜ್ಜಿ ಎಲ್ಲಿ?"

ನಮಗ್ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಮರೆವು ಜಾಸ್ತಿ. ಒಂದೆರಡು ಸಲ ಬಾಗಿಲು ತೆಗೆದುಕೊಂಡು ಎಲ್ಲೆಲ್ಲೋ ಹೋಗಿಬಿಟ್ಟಿದ್ದರು. ಅದಕ್ಕೇ ಮಗ ರಾತ್ರಿ ಪಾಳಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಇದು ಎದುರು ಮನೆಯ ನನಗೆ ತಿಳಿಯದು. ಬಟ್ಟೆ ಕೊಡೋಕೆ ಹೋಗುತ್ತಿದ್ದ ಇಸ್ತ್ರಿಯವರಿಗೆ ತಿಳಿದಿತ್ತು. ಕೀ ತುಳಸಿ ಕುಂಡದ ಹಿಂದೆ ಇರುತ್ತದೆ ಅನ್ನೋದೂ ತಿಳಿದಿತ್ತು. ಅವರೂ ನಾನೂ ಮೇಷ್ಟ್ರ ಮಗನೂ ಹೋದೆವು. ಅಜ್ಜಿ ಮಂಚದ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಮೆಟ್ಟಿಲು ಇಳಿಯೋಕೆ ಅವರಿಗೆ ಆಗುವುದಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಸೊಂಟಕ್ಕೆ ಕಟ್ಟಿ, ಮುಂದೆ ಒಬ್ಬರು ಹಿಂದೆ ಇಬ್ಬರು ಹಿಡಿದು ಇಳಿಸಿದೆವು. ಗೋಡೆ ದಾಟಿಸುವಾಗ ಅಜ್ಜಿ ಗಂಭೀರವಾಗಿ ಕೇಳಿದರು: "ತೇರು ಎಲ್ಲೀವರ್ಗೂ ಬಂತು?"

ಅಗ್ನಿಶಾಮಕದವರು ಬೇಗನೇ ಬಂದರು. ಗಾಡಿ ಕ್ರಾಸಿನ ಬಾಯಲ್ಲೇ ನಿಲ್ಲಬೇಕಾಯಿತು. ಇಳಿದು ನಡೆದು ಬಂದು, ಸಿಲಿಂಡರಿಗೆ ಒದ್ದೆ ಗೋಣಿ ಸುತ್ತಿ, ನೀರು ಚಿಮ್ಮಿಸುತ್ತಾ ಸೈಟಿನ ಬಯಲಿಗೆ ಎತ್ತಿಕೊಂಡು ಹೋಗಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಹನ್ನೊಂದು ಗಂಟೆಗೆ ಎಲ್ಲರೂ ಪಾಯಸ ತಿಂದೆವು.

ಬಾಗಿಲಿನ ಲೆಕ್ಕ

ಏನೂ ಆಗಲಿಲ್ಲ ಅನ್ನೋದೇ ಇಂಥ ಘಟನೆಗಳ ತೊಂದರೆ. ಮಾರನೇ ದಿನ ಅದು ತಮಾಷೆಯ ಕಥೆಯಾಗಿಬಿಟ್ಟಿತ್ತು. ನನಗೆ ಮಾತ್ರ ಆ ಗ್ರಿಲ್ಲಿನ ಸರಳು ಕೈಬಿಡಲಿಲ್ಲ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತಿದ್ದು ನೆನಪಿದೆಯಲ್ಲ? ಹೊಗೆ ತುಂಬಿದ ಕಟ್ಟಡದಿಂದ ಹೊರಬರಲು ದಾರಿ ಇಲ್ಲದೆ ಕೆಲವರು ಕಿಟಕಿಯಿಂದ ಹಾರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಅದೇ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ತಾಯಿ ಮಗಳು ಬೆಂಕಿಗೆ ಸಿಕ್ಕಿದರು. ಬಾಲ್ಕನಿಗೆ ಗ್ರಿಲ್ ಇತ್ತು. ಕೆಳಗೆ ನಿಂತವರು ನೋಡುತ್ತಲೇ ಇದ್ದರು. ಆ ವಿಡಿಯೋ ನಾನೂ ನೋಡಿದ್ದೆ, ಅಯ್ಯೋ ಅಂದಿದ್ದೆ, ಅದೇ ವರ್ಷ ನಮ್ಮ ಮಹಡಿಯ ಬಾಲ್ಕನಿಗೆ ಕೋತಿ ಕಾಟಕ್ಕೆ ಅಂತ ಗ್ರಿಲ್ ಹಾಕಿಸಿದ್ದೆ. ಎರಡಕ್ಕೂ ಸಂಬಂಧ ಇದೆ ಅಂತ ತಲೆಗೇ ಹೋಗಿರಲಿಲ್ಲ.

ಕಟ್ಟಡಗಳ ರಾಷ್ಟ್ರೀಯ ಸಂಹಿತೆಯಲ್ಲಿ ಒಂದು ಸಾದಾ ನಿಯಮ ಇದೆ. ಹೊರಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆಗೆಯುವ ಹಾಗಿರಬೇಕು. ಅಷ್ಟೇ. ದೊಡ್ಡ ಕಟ್ಟಡಗಳಿಗೆ ಇದನ್ನು ಕೇಳುವವರಾದರೂ ಇದ್ದಾರೆ. ಮೂವತ್ತು ನಲವತ್ತರ ಸೈಟಿನ ಮನೆಗೆ ಯಾರು ಕೇಳುತ್ತಾರೆ? ಪ್ಲಾನ್ ಪಾಸಾಗುವಾಗ ಗ್ರಿಲ್ ಇರುವುದಿಲ್ಲ, ಗೃಹಪ್ರವೇಶ ಆದ ಮೇಲೆ ವೆಲ್ಡಿಂಗ್‌ನವರು ಬರುತ್ತಾರೆ.

ಬರೀ ಮನೆಯ ಸಿಲಿಂಡರ್ ವಿಷಯ ಆಗಿದ್ದರೆ ಬಿಡಬಹುದಿತ್ತೇನೋ. ಹಾಸನ ಮಂಗಳೂರು ಬೆಂಗಳೂರು ಹೆದ್ದಾರಿಯ ಊರು. ಶಿರಾಡಿ ಹತ್ತಿ ಬರುವ ಗ್ಯಾಸ್ ಟ್ಯಾಂಕರುಗಳನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಅದೇ ಹೆದ್ದಾರಿಯಲ್ಲಿ ಘಟ್ಟದ ಕೆಳಗೆ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಟ್ಯಾಂಕರ್ ಮಗುಚಿ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳವರೂ ಸುಟ್ಟುಹೋದರು. ಅದರ ಹಿಂದಿನ ವರ್ಷ ಕಣ್ಣೂರಿನ ಚಾಲದಲ್ಲಿ ಇಪ್ಪತ್ತು ಜನ. ತುರ್ತು ಸಿಬ್ಬಂದಿಗೆ ಅಂತ ಇರುವ ಅಂತರರಾಷ್ಟ್ರೀಯ ಕೈಪಿಡಿ, ಟ್ಯಾಂಕರಿಗೆ ಬೆಂಕಿ ತಗುಲಿದರೆ ಸುತ್ತ 1600 ಮೀಟರ್ ಖಾಲಿ ಮಾಡಿಸಿ ಅನ್ನುತ್ತದೆ. ಸುತ್ತ ಅಂದರೆ ಎಲ್ಲಾ ದಿಕ್ಕಿಗೂ, ಸುಮಾರು 8 ಚದರ ಕಿಲೋಮೀಟರ್. ಹಾಸನದ ನಕ್ಷೆಯ ಮೇಲೆ ಎಲ್ಲಿ ಬೇಕಾದರೂ ಕೈವಾರ ಇಟ್ಟು ಅಷ್ಟು ದೊಡ್ಡ ವೃತ್ತ ಎಳೆದು ನೋಡಿ. ಎಷ್ಟು ಬೀದಿ, ಎಷ್ಟು ಶಾಲೆ, ಎಷ್ಟು ಪಿಜಿ, ಎಷ್ಟು ಆಸ್ಪತ್ರೆ ಅಂತ ಎಣಿಸೋಕೆ ಹೋಗಿ ನಾನು ಅರ್ಧಕ್ಕೇ ಬಿಟ್ಟೆ.

ಜನಸಂದಣಿ ನಡೆಸುವುದು ನಮ್ಮ ಊರಿಗೆ ಬರದ ವಿದ್ಯೆ ಅಂತೂ ಅಲ್ಲ. ಪ್ರತಿ ವರ್ಷ ಹಾಸನಾಂಬೆಯ ಬಾಗಿಲು ತೆಗೆದಾಗ ಲಕ್ಷಗಟ್ಟಲೆ ಜನ ಬರುತ್ತಾರೆ. ಯಾವ ರಸ್ತೆ ಒನ್‌ವೇ, ಯಾವ ಸಾಲು ಎಲ್ಲಿ ತಿರುಗಬೇಕು, ಗಾಡಿ ಎಲ್ಲಿ ನಿಲ್ಲಬೇಕು ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತದೆ. ಆದರೂ 2023ರಲ್ಲಿ ಸರತಿ ಸಾಲಿನ ಹತ್ತಿರ ಕರೆಂಟ್ ಶಾಕ್ ಹೊಡೆದಾಗ ಜನ ದಿಕ್ಕಾಪಾಲಾಗಿ ಓಡಿ ಒಬ್ಬರ ಮೇಲೊಬ್ಬರು ಬಿದ್ದರು. ಬ್ಯಾರಿಕೇಡ್ ಇರುವುದು ಜನರನ್ನು ಒಳಗೆ ಕಳಿಸೋಕೆ. ಅದೂ ಒಂದು ಥರದ ಗ್ರಿಲ್ಲೇ.

ಹೊಳೆಮಲ್ಲೇಶ್ವರನ ಮೆಟ್ಟಿಲು

ಸಕಲೇಶಪುರದಲ್ಲಿ ಹೊಳೆ ಪಕ್ಕದ ಬೀದಿಯಲ್ಲಿ ನಮ್ಮ ಸಂಬಂಧಿಕರ ಮನೆ ಇದೆ. ಅವರನ್ನು ಕೇಳಿದೆ, ನೀವು ಯಾವಾಗ ಮನೆ ಬಿಡುತ್ತೀರಿ ಅಂತ. ಅವರು ಯೋಚನೆಯನ್ನೇ ಮಾಡಲಿಲ್ಲ. ಹೇಮಾವತಿ ಹೊಳೆಮಲ್ಲೇಶ್ವರ ದೇವಸ್ಥಾನದ ಮೆಟ್ಟಿಲಿಗೆ ಬಂದರೆ ಅಕ್ಕಿ ಮೂಟೆ ಅಟ್ಟಕ್ಕೆ, ದೇವಸ್ಥಾನದ ಒಳಗೆ ಹೋದರೆ ಹಿರಿಯರು ಅಕ್ಕನ ಮನೆಗೆ, ಆಮೇಲೂ ಮಳೆ ನಿಲ್ಲದಿದ್ದರೆ ಎಲ್ಲರೂ. 2018, 2019ರ ಮಳೆಯಲ್ಲಿ ಹೀಗೇ ಮಾಡಿದರಂತೆ. ಯಾವ ಅಧಿಕಾರಿಯೂ ಬರೆದುಕೊಟ್ಟಿದ್ದಲ್ಲ ಇದು. ಆ ಕಡೆಯ ಆನೆಯ ವಿಷಯವೂ ಹಾಗೇ. ಸಕಲೇಶಪುರ, ಆಲೂರು ಸುತ್ತ ಆನೆ ಹಿಂಡು ಎಲ್ಲಿದೆ ಅಂತ ಫೋನಿಗೆ ಮೆಸೇಜ್ ಬರುತ್ತದೆ, ಕೆಲವು ಕಡೆ ರಸ್ತೆ ಬದಿ ಕೆಂಪು ದೀಪ ಮಿನುಗುತ್ತದೆ. ದೀಪ ಉರಿದರೆ ತೋಟದ ಆಳುಗಳು ಆ ದಾರಿ ಬಿಡುತ್ತಾರೆ. ಅಲ್ಲಿ ಎಚ್ಚರಿಕೆಗೂ ಮುಂದಿನ ಹೆಜ್ಜೆಗೂ ನಡುವೆ ಗಂಟು ಬಿದ್ದಿದೆ.

ನಮ್ಮ ಬಡಾವಣೆಗಳಲ್ಲಿ ಆ ಗಂಟೇ ಇಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಷ್ಟೋ ಮೊಬೈಲುಗಳು ಒಟ್ಟಿಗೆ ಕಿರುಚಿಕೊಂಡವಲ್ಲ, ಕೇಂದ್ರದವರು ತುರ್ತು ಸಂದೇಶ ಪರೀಕ್ಷೆ ಮಾಡಿದ ದಿನ? ನಾನು ಹೊಸ ಬಸ್ ನಿಲ್ದಾಣದಲ್ಲಿದ್ದೆ. ಒಮ್ಮೆಲೇ ಅಷ್ಟೂ ಜೇಬು, ಬ್ಯಾಗು, ಬ್ಲೌಸಿನೊಳಗಿನ ಪರ್ಸು ಕೂಗಿಕೊಂಡವು. ಎಲ್ಲರೂ ಫೋನ್ ತೆಗೆದು ನೋಡಿದರು. ಇದು ಬರೀ ಪರೀಕ್ಷೆ, ಏನೂ ಮಾಡಬೇಕಿಲ್ಲ ಅಂತ ಅದರಲ್ಲೇ ಇತ್ತು. ಸರಿ. ಆದರೆ ಓದುವ ಮುಂಚಿನ ಆ ಹತ್ತು ಸೆಕೆಂಡು ನಾನು ಸುಮ್ನೆ ಸುತ್ತ ನೋಡಿದ್ದೆ. ಒಬ್ಬರೂ ಬಾಗಿಲ ಕಡೆ ನೋಡಲಿಲ್ಲ. ಒಬ್ಬ ಹುಡುಗ ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ನನ್ನ ಪಕ್ಕದ ಹೆಂಗಸು "ಯಾವ್ದೋ ಲೋನ್ ಕಂಪನಿ ಇರ್ಬೇಕು" ಅಂದರು.

ಅಮ್ಮನ ಬಾಗಿಲು

ಮರದ ಬಾಗಿಲು ಅಂದೆನಲ್ಲ, ಅದು ನಮ್ಮ ಮನೆಗೆ ಅಂತ ಮಾಡಿಸಿದ್ದಲ್ಲ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯುವ ಮುಂಚೆ ಹಿನ್ನೀರಿನ ಊರುಗಳನ್ನೆಲ್ಲ ಎಬ್ಬಿಸಿದರಲ್ಲ, ಅಮ್ಮನ ತವರು ಅದರಲ್ಲಿ ಒಂದು. ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳೋಕೆ ಹೋಗುವ ಶೆಟ್ಟಿಹಳ್ಳಿ ಚರ್ಚಿನ ಆಸುಪಾಸು. ಅವರಿಗೆ ನೋಟೀಸ್ ಬಂದು ವರ್ಷಗಳೇ ಕಳೆದಿದ್ದವು. ಆದರೂ ಅಜ್ಜ ಹೊರಟಿದ್ದು ಕೊನೇ ಬೇಸಿಗೆಯಲ್ಲಿ. ಹೆಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲುವಾಡ ಸಮೇತ ಬಾಗಿಲು ಕಿತ್ತು ಎತ್ತಿನ ಗಾಡಿಗೆ ಹಾಕಿಸಿದರು. ಅಜ್ಜಿ ಒರಳುಕಲ್ಲು ಬಿಟ್ಟು ಬರಲ್ಲ ಅಂತ ಹಟ ಹಿಡಿದರು, ಅದಕ್ಕೇ ಒಂದು ಟ್ರಿಪ್ ಆಯಿತು. ಅಮ್ಮ ಈ ಕಥೆ ಹೇಳುವಾಗ ಒಂದು ಮಾತು ಯಾವಾಗಲೂ ಬರುತ್ತದೆ: "ಬಾಗ್ಲೇ ಇಲ್ದಿರೋ ಮನೇಲಿ ಕೊನೇ ರಾತ್ರಿ ಮಲಗಿದ್ವಿ. ನಾಯಿ ಒಳಗ್ ಬಂದು ನನ್ ಕಾಲತ್ರ ಮಲಗಿತ್ತು."

ಬಾಗಿಲೇ ಇಲ್ಲದ ಆ ಒಂದು ರಾತ್ರಿಯ ಹೆದರಿಕೆಯಿಂದಲೇ ಇಂದಿಗೂ ಎರಡು ಬೀಗ ಬೀಳುತ್ತಿವೆಯೇನೋ ಅಂತ ನನಗೆ ಈಚೆಗೆ ಅನಿಸುತ್ತದೆ. ಕೇಳಿದರೆ ಅಮ್ಮ ಒಪ್ಪುವುದಿಲ್ಲ. ತಮಾಷೆ ಅಂದರೆ ಆ ಹಳೇ ಬಾಗಿಲಿಗೆ ಒಳಗಡೆ ಮರದ ಅಗುಳಿ ಇದೆ. ಕತ್ತಲಲ್ಲೂ ಅಂಗೈಯಲ್ಲಿ ತಳ್ಳಿದರೆ ತೆಗೆಯುತ್ತದೆ, ಐದು ವರ್ಷದ ಮಗುವೂ ತೆಗೆಯಬಹುದು. ಸಂಹಿತೆ ಕೇಳುವ ಬಾಗಿಲು ನಮ್ಮನೆಯಲ್ಲಿ ಅದೊಂದೇ. ಅದರ ಮುಂದೆ ನಾವು ಗ್ರಿಲ್ ಕೂರಿಸಿದೆವು.

ಆಮೇಲೆ ಏನಾಯಿತು

ಯುಗಾದಿ ಆದ ಮೇಲಿನ ಭಾನುವಾರ ಒಂಬತ್ತು ಮನೆಯವರು ಸೇರಿದೆವು. ನಲವತ್ತಾರರಲ್ಲಿ ಒಂಬತ್ತು, ಕಾಫಿ ಇದೆ ಅಂತ ಹೇಳಿದ ಮೇಲೆ. ದೊಡ್ಡ ಯೋಜನೆ ಏನೂ ಮಾಡಲಿಲ್ಲ. ಶಾಮಿಯಾನ ಹಾಕಿದರೆ ಒಂದು ಪಕ್ಕ ಹತ್ತಡಿ ಬಿಡಬೇಕು, ಸಿಲಿಂಡರ್ ಕ್ರಾಸಿನ ಮಧ್ಯೆ ಬೇಡ ಅಂತ ಒಪ್ಪಿಕೊಂಡೆವು. ಕಾರು ಮುಟ್ಟದೆ ನಡೆದೇ ಹೋಗುವುದು. ವಾಸನೆ ಬಂದರೆ ಗಾಳಿ ಬರುವ ಕಡೆಗೆ, ಏರಿನ ಕಡೆಗೆ. ಗಾಳಿ ಎತ್ತ ಅಂತ ತೆಂಗಿನ ಗರಿ ನೋಡಿದರೆ ತಿಳಿಯುತ್ತದೆ. ಗ್ಯಾಸ್ ಸೋರಿಕೆಗೆ ಅಂತಲೇ 1906 ಅನ್ನೋ ನಂಬರ್ ಇದೆ ಅಂದಾಗ ಒಂಬತ್ತರಲ್ಲಿ ಎಂಟು ಮನೆಗೆ ಅದು ಹೊಸ ಸುದ್ದಿ. ಹೊರಗೆ ಬಂದವರು ಎಲ್ಲಿ ಸೇರಬೇಕು ಅನ್ನೋದಕ್ಕೆ ಮಾತ್ರ ಅರ್ಧ ಗಂಟೆ ಜಗಳ ಆಯಿತು. ಮೇನ್ ರೋಡಿನ ಶಾಲೆಯ ಮೈದಾನ ಅಂತ ಒಬ್ಬರು, ಅದಕ್ಕೂ ಬೀಗ ಇರುತ್ತದೆ ಅಂತ ಇನ್ನೊಬ್ಬರು. ಇನ್ನೂ ಮುಗಿದಿಲ್ಲ. ಗೋಡೆಯ ಬಿದ್ದ ಮೂಲೆ ಹಾಗೇ ಇದೆ. ಈ ಸಲ ಅದನ್ನು ಮುಚ್ಚಬೇಡಿ, ಚಿಕ್ಕ ಗೇಟ್ ಇಡಿ ಅಂತ ಅರ್ಜಿ ಬರೆದಿದ್ದೇವೆ.

ಒಂದು ಕೆಲಸ ನಿಜವಾಗಿ ಆಗಿದ್ದು ಇಸ್ತ್ರಿಯವರಿಂದ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿ ಮಾಡೋಣ ಅಂತ ನಾನು ನೋಟ್‌ಬುಕ್ ತೆಗೆದಾಗ ಅರ್ಧ ಜನ ಹಿಂಜರಿದರು. ಹಗಲು ಯಾರೂ ಇರುವುದಿಲ್ಲ ಅಂತ ಬರೆದುಕೊಟ್ಟರೆ ಕಳ್ಳರಿಗೆ ಅನುಕೂಲ ಅಲ್ವಾ ಅಂದರು. ಮಾತು ಸರಿ. ಆಗ ಅವರು ನಿಂತ ಜಾಗದಿಂದಲೇ ಬೆರಳು ಮಡಿಸುತ್ತಾ ಹೇಳುತ್ತಾ ಹೋದರು: ಏಳನೇ ಮನೆ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಬಂದ ದಿನ ನಡೆಯೋಕಾಗಲ್ಲ. ಹನ್ನೆರಡನೇ ಮನೆ ಕೆಳಗಡೆ ಬಾಣಂತಿ. ಪಿಜಿಯಲ್ಲಿ ಒಂದು ಹುಡುಗಿಗೆ ಕಿವಿ ಕೇಳಲ್ಲ, ಕೂಗಿದರೆ ಪ್ರಯೋಜನವಿಲ್ಲ, ಬಾಗಿಲು ಬಡಿದರೂ ಪ್ರಯೋಜನವಿಲ್ಲ. ಇಪ್ಪತ್ತೊಂದನೇ ಮನೆಯವರು ಊರಲ್ಲೇ ಇಲ್ಲ, ಮಗಳ ಹೆರಿಗೆಗೆ ಹೋಗಿದ್ದಾರೆ, ಅವರಿಗಾಗಿ ಯಾರೂ ಒಳಗೆ ನುಗ್ಗಬೇಡಿ. ನಾನು ಬರೆದುಕೊಳ್ಳಲಿಲ್ಲ. ಅವರ ಮಗನಿಗೆ ಇದೆಲ್ಲ ಗೊತ್ತಾ ಅಂತ ಕೇಳಿದೆ. "ಅವ್ನು ಬೆಂಗ್ಳೂರಲ್ಲವ್ನೆ ಸಾರ್" ಅಂದರು.

ನಮ್ಮ ಮನೆಯ ವಿಷಯ. ಗ್ರಿಲ್ಲಿಗೆ ಬೀಗದ ಬದಲು ಒಳಗಿನಿಂದ ತಿರುಗಿಸುವ ಲಾಕ್ ಹಾಕಿಸೋಣ ಅಂದೆ. ಸರಳಿನ ಸಂದಿಯಲ್ಲಿ ಕೈ ಹಾಕಿ ತೆಗೆದುಬಿಡುತ್ತಾರೆ ಅಂದರು ಅಮ್ಮ. ತಗಡು ಹೊಡೆಸೋಣ ಅಂದೆ, ಗಾಳಿ ಬರಲ್ಲ ಅಂದರು. ಕೊನೆಗೆ ರಾಜಿಯಾಯಿತು. ಮರದ ಬಾಗಿಲಿನ ಪಕ್ಕ, ಅಮ್ಮನ ಭುಜದೆತ್ತರದಲ್ಲಿ ಮೊಳೆ ಹೊಡೆದು, ಗ್ರಿಲ್ಲಿನ ಕೀಯನ್ನು ನೈಲಾನ್ ದಾರದಲ್ಲಿ ಅದಕ್ಕೇ ಕಟ್ಟಿದೆ. ದಾರ ಬೀಗಕ್ಕೆ ಮುಟ್ಟುವಷ್ಟು ಉದ್ದ, ಅಡುಗೆಮನೆಗೆ ಹೋಗದಷ್ಟು ಗಿಡ್ಡ. ದೀಪ ಆರಿಸಿ ನಾವಿಬ್ಬರೂ ಎರಡು ಸಲ ಪ್ರಯತ್ನಿಸಿ ನೋಡಿದೆವು. ಮೊದಲ ಸಲ ಹಾಸಿಗೆಯಿಂದ ಗೇಟಿನವರೆಗೆ ಮೂರು ನಿಮಿಷ ಹತ್ತು ಸೆಕೆಂಡು ಆಯಿತು, ಅಮ್ಮ ಮಧ್ಯೆ ಕನ್ನಡಕ ಹುಡುಕಿದ್ದರಿಂದ. ಎರಡನೇ ಸಲ ಒಂದು ನಿಮಿಷ ನಲವತ್ತು. ಅಮ್ಮನಿಗೆ ಖುಷಿಯೋ ಖುಷಿ. ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡರು.

ಮೊನ್ನೆ ರಾತ್ರಿ ನೀರು ಕುಡಿಯೋಕೆ ಎದ್ದಾಗ ಅಭ್ಯಾಸಕ್ಕೆ ಮೊಳೆಯ ಕಡೆ ಕೈ ಹೋಯಿತು. ದಾರ ಇತ್ತು, ತುದಿಯಲ್ಲಿ ಕತ್ತರಿಯಿಂದ ನೀಟಾಗಿ ಕತ್ತರಿಸಿತ್ತು. ಕೀ ಇರಲಿಲ್ಲ.